ಗುರುವಾರದ ಚರ್ಚೆಗೆ ಅತ್ತೆ ಹೊರಗಿನವಳೇ?

ವಿಶ್ವವಿದ್ಯಾಲಯದ ಮಾನ್ಯ ಕುಲಸಚಿವರೇ,

ನನ್ನ ಸೊಸೆಯ ಬಾಯಿಗೆ ತಾವು ಬೀಗ ಹಾಕಿದ್ದೀರಿ. ಅದನ್ನು ತೆಗೆಯಿರಿ ಎಂದು ಕೇಳುವುದಕ್ಕೆ ಈ ಪತ್ರ. ಕಚೇರಿಗೇ ಬಂದು ಹೇಳೋಣವೆಂದರೆ ಗೇಟಿನಲ್ಲಿ ಕೂತವರು ಗುರುತಿನ ಚೀಟಿ ಕೇಳುತ್ತಾರೆ. ಅಂಚೆಗೆ ಹಾಕೋಣವೆಂದರೆ, ತಮ್ಮ ಮೇಜಿಗೆ ಬಂದ ಪತ್ರಗಳು ಅಲ್ಲಿಯೇ ತಪಸ್ಸಿಗೆ ಕೂರುತ್ತವೆ ಎಂದು ಕೇಳಿದ್ದೇನೆ. ಅದಕ್ಕೇ ಪತ್ರಿಕೆಯವರ ಕೈಗೆ ಕೊಟ್ಟೆ. ನಾಲ್ಕು ಮಂದಿ ಓದಿದರೆ ತಾವೂ ಓದಬೇಕಾಗುತ್ತದೆ.

ನಾನು ಇರಕಲ್ಲಗಡದವಳು, ವಯಸ್ಸು ಐವತ್ತು. ನಮ್ಮೂರ ಸರಕಾರಿ ಶಾಲೆಯಲ್ಲಿ ಏಳನೆಯ ತರಗತಿ ಪಾಸಾಗಿದ್ದೇನೆ. ಮುಂದಿನದಕ್ಕೆ ಹೋಗುವ ಮೊದಲೇ ದೊಡ್ಡವಳಾದೆನೆಂದು ಬಿಡಿಸಿದರು. ಸೋಮವಾರ ಒಪ್ಪತ್ತು ಮಾಡುತ್ತೇನೆ, ಅಮಾವಾಸ್ಯೆಗೆ ಗವಿಮಠಕ್ಕೆ ಹೋಗಿಬರುತ್ತೇನೆ, ಹುಲಿಗೆಮ್ಮನ ಹೆಸರು ಹೇಳಿ ಸುಳ್ಳಾಡುವುದಿಲ್ಲ. ಯಾವ ಕುಲದವಳು ಎಂಬುದನ್ನು ಬರೆಯುವುದಿಲ್ಲ. ಕೇಳದೆಯೇ ಅದನ್ನು ಕಂಡುಹಿಡಿಯುವ ವಿದ್ಯೆ ದೊಡ್ಡ ದೊಡ್ಡ ಪದವಿಯವರಿಗೂ ಚೆನ್ನಾಗಿ ಬರುತ್ತದೆ ಎಂದು ಸೊಸೆ ಹೇಳಿದ್ದಳು. ಅದು ತಾವು ಬೀಗ ಹಾಕುವ ಮೊದಲಿನ ಮಾತು.

ಸೊಸೆಯ ಹೆಸರು ರೇಣುಕಾ. ತಮ್ಮಲ್ಲಿ ಸಮಾಜಶಾಸ್ತ್ರ ಕಲಿಸುತ್ತಾಳೆ. ನೌಕರಿ ಸಿಕ್ಕಿದೆ, ಇನ್ನೂ ಖಾಯಂ ಆಗಿಲ್ಲ. ಗುರುವಾರ ಪಾಠ ಮುಗಿದ ಮೇಲೆ ಆಕೆ ಒಂದು ಚರ್ಚಾ ಬಳಗ ನಡೆಸುತ್ತಾಳೆ. ಬಳಗದ ಹೆಸರು "ಉನ್ನತ ಶಿಕ್ಷಣದಲ್ಲಿ ವೈವಿಧ್ಯ ಮತ್ತು ಸಮಾನತೆ". ಮೊದಲ ಸಲ ಅದನ್ನು ಕೇಳಿದ ನಮ್ಮ ಮನೆಯವರು, "ಯವ್ವಾ, ಹೆಸರು ಹೇಳಿ ಮುಗಿಸೂದ್ರಾಗ ಸಭಾನ ಮುಗೀತೈತಲ್ಲ" ಎಂದು ನಕ್ಕಿದ್ದರು. ಹೆಸರು ಉದ್ದವಾದರೂ ವಿಷಯ ಸರಳ. ಕುಷ್ಟಗಿ, ಯಲಬುರ್ಗಾ, ಗಂಗಾವತಿ ಕಡೆಯಿಂದ ಬಸ್ಸಿನಲ್ಲಿ ನಿಂತುಕೊಂಡು ಕಲಿಯಲು ಬರುವ ಮಕ್ಕಳಲ್ಲಿ ಯಾರು ಮುಂದಿನ ಬೆಂಚಿಗೆ ಹೋಗುತ್ತಾರೆ, ಯಾರು ಹಿಂದಿನ ಬೆಂಚು ಹುಡುಕುತ್ತಾರೆ, ಯಾಕೆ? ಯಾರ ಮಾತಿಗೆ ಗುರುಗಳು ತಲೆಯಾಡಿಸುತ್ತಾರೆ, ಯಾರ ಮಾತಿಗೆ ಗಡಿಯಾರ ನೋಡುತ್ತಾರೆ? ಮಾಸ್ತರರ ಕುರ್ಚಿಯವರೆಗೆ ಯಾರು ಮುಟ್ಟುತ್ತಾರೆ, ಯಾರು ಬಾಗಿಲಲ್ಲೇ ಉಳಿಯುತ್ತಾರೆ? ಇದನ್ನೆಲ್ಲ ಆ ಮಕ್ಕಳೇ ಕೂತು ಮಾತಾಡಿಕೊಳ್ಳುವ ಜಾಗ ಅದು. ರೇಣುಕಾ ನಡುವೆ ಕೂತು ಮಾತಿನ ಸರದಿ ನೋಡಿಕೊಳ್ಳುತ್ತಾಳೆ. ಗಟ್ಟಿ ದನಿಯವರನ್ನು ತಡೆದು, ಸಣ್ಣ ದನಿಯವರ ಕಡೆ ಕೈ ತೋರಿಸುತ್ತಾಳೆ.

ಇದೆಲ್ಲ ನನಗೆ ಹೇಗೆ ಗೊತ್ತು? ಗುರುವಾರ ಸಂಜೆ ಆಕೆ ಬಸ್ಸಿಳಿದು ಬಂದು, ಕೈಕಾಲು ತೊಳೆದು, ಹಿಟ್ಟಿನ ಮುಂದೆ ಕೂರುತ್ತಿದ್ದಳು. ರೊಟ್ಟಿ ಬಡಿಯುವುದು ಅವಳು, ಬೇಯಿಸುವುದು ನಾನು. ಆ ಹೊತ್ತಿನಲ್ಲಿ ಇಬ್ಬರ ಕೈಗೂ ಬಿಡುವಿಲ್ಲ, ಬಿಡುವಿರುವುದು ಬಾಯಿಗೆ ಮಾತ್ರ. ಅಂದಿನ ಚರ್ಚೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳುತ್ತಿದ್ದಳು. ಯಾರ ಹೆಸರನ್ನೂ ಹೇಳುತ್ತಿರಲಿಲ್ಲ. "ಒಬ್ಬಾಕಿ ಅಂದ್ಲು", "ಒಬ್ಬಾವ ಎದ್ದು ನಿಂತ" ಅಷ್ಟೇ. ನಾನು ಕೇಳುತ್ತಿದ್ದೆ, ತಕರಾರು ಮಾಡುತ್ತಿದ್ದೆ, ಕೆಲವೊಮ್ಮೆ ಜಗಳವೇ ಆಗುತ್ತಿತ್ತು. ಮಗ ಗೌರೀಶ ಹೊರಗಿನಿಂದ ಇಣುಕಿ, "ಊರಾಗ ಅತ್ತಿ ಸೊಸಿ ಬಂಗಾರಕ್ಕ ಜಗಳಾಡ್ತಾರ, ನಮ್ಮನ್ಯಾಗ ಬೆಂಚಿಗೆ ಜಗಳಾಡ್ತಾರ ನೋಡಪಾ" ಎನ್ನುತ್ತಿದ್ದ. ಶಾಲೆ ಬಿಟ್ಟ ಮೇಲೆ ನನಗೆ ಸಿಕ್ಕ ಶಾಲೆ ಅದೊಂದೇ ಎಂದರೆ ತಾವು ನಗಬಾರದು.

ಒಂದು ಉದಾಹರಣೆ ಕೊಡುತ್ತೇನೆ, ಏಕೆಂದರೆ ಎಲ್ಲ ಗಂಟೂ ಅದರಲ್ಲೇ ಇದೆ. ಸಂಶೋಧನೆ ಮುಗಿಸಿದವರು ಪರೀಕ್ಷಕರ ಮುಂದೆ ಕೂತು ಉತ್ತರ ಹೇಳುವ ದಿನ ಒಂದಿರುತ್ತದಲ್ಲ, ಆ ದಿನ ಪರೀಕ್ಷಕರಿಗೂ ವಿಭಾಗದವರಿಗೂ ಊಟ ಹಾಕುವುದು ಉತ್ತರ ಹೇಳುವವರದೇ ಹೊಣೆಯಂತೆ. ಯಾವ ನಿಯಮದಲ್ಲೂ ಹೀಗೆಂದು ಬರೆದಿಲ್ಲವಂತೆ. ಆದರೂ ತಪ್ಪಿಸಿದವರು ಯಾರೂ ಇಲ್ಲವಂತೆ. ಒಬ್ಬ ಹುಡುಗಿ ಆ ದಿನ ಬೆಳಕು ಹರಿಯುವ ಮೊದಲೇ ಎದ್ದು ತಾಯಿಯ ಜೊತೆ ಶೇಂಗಾ ಹೋಳಿಗೆ ಮಾಡಿ, ಪಾತ್ರೆಗಳನ್ನು ಟಂಟಂ ಆಟೋದಲ್ಲಿ ಹೇರಿಕೊಂಡು ಬಂದಳಂತೆ. ಬಂದವರಿಗೆ ಉಪ್ಪಿಟ್ಟು, ಚಹಾ ಕೊಟ್ಟು, ಸೆರಗಿಗೆ ಕೈ ಒರೆಸಿಕೊಂಡು ಪ್ರಶ್ನೆಗಳ ಮುಂದೆ ಕೂತಳಂತೆ. ಮಧ್ಯಾಹ್ನ ಎಲೆಯ ಮುಂದೆ ಕೂತ ಗುರುಗಳೊಬ್ಬರು, "ಪ್ರಬಂಧಕ್ಕಿಂತ ಹೋಳಿಗಿ ಛಲೋ ಆಗೇತೆವಾ" ಎಂದರಂತೆ. ಎಲ್ಲರೂ ನಕ್ಕರಂತೆ. ಆ ಹುಡುಗಿ ಎರಡನೆಯ ಸಲ ಬಡಿಸಲು ಬಂದಳಂತೆ.

ಸೊಸೆ ಇದನ್ನು ಹೇಳಿದಾಗ ನಾನು ಆ ಹುಡುಗಿಯ ಕಡೆ ಮಾತಾಡಲಿಲ್ಲ. "ಅದರಾಗ ತಪ್ಪೇನೈತಿ? ಗುರುಗಳಿಗೆ ಉಣ್ಣಾಕ ನೀಡೂದು ಧರ್ಮ. ಜಂಗಮರು ಬಂದ್ರ ನಾವು ನೀಡಂಗಿಲ್ಲೇನು?" ಎಂದೆ.

ರೇಣುಕಾ ತಲೆ ಎತ್ತದೆ, ಬಡಿಯುತ್ತಲೇ ಕೇಳಿದಳು: "ಜಂಗಮರು ಉಂಡು ಎದ್ದು ಮಾರ್ಕ್ಸ್ ಹಾಕ್ತಾರೇನ್ರೀ ಅತ್ತಿ?"

ಹಂಚಿನ ಮೇಲಿನ ರೊಟ್ಟಿ ಕರಕಾಯಿತು. ಸಿಟ್ಟು ಬಂತು. ಇಷ್ಟು ವರ್ಷ ದಾಸೋಹದ ಪಂಕ್ತಿಯಲ್ಲಿ ನಿಂತು ಬಡಿಸಿದವಳಿಗೆ ಇವಳೇನು ನೀಡುವುದನ್ನು ಕಲಿಸುತ್ತಾಳೆ ಎಂದುಕೊಂಡೆ. ಆದರೆ ಮಾತು ಒಳಗೆ ಹೊಕ್ಕಿತ್ತು. ಸೋಮವಾರ ಪೂಜೆಗೆ ಕೂತಾಗಲೂ ಅದೇ. ಅಂದು ಸಂಜೆ ನಾನೇ ಕರೆದು ಹೇಳಿದೆ, "ಒಲ್ಲೆ ಅನ್ನಾಕ ಬಂದ್ರ ಅದು ದಾಸೋಹ. ಒಲ್ಲೆ ಅನ್ನಾಕ ಬರಲಿಲ್ಲಂದ್ರ ಅದು ಸುಂಕ." ಸೊಸೆ ಅದನ್ನು ಮುಂದಿನ ಗುರುವಾರ ಬಳಗದಲ್ಲಿ ಹೇಳಿದಳಂತೆ. ಮಕ್ಕಳು ಕರಿಹಲಗೆಯ ಮೇಲೆ ಬರೆದರಂತೆ. ಪರೀಕ್ಷೆಯ ದಿನದ ಊಟವನ್ನು ನಿಲ್ಲಿಸಬೇಕೆಂದು ಎಲ್ಲರೂ ಸೇರಿ ಬೇಡಿಕೆ ಇಟ್ಟರಂತೆ. "ಕೆಳಗ ನನ್ನ ಹೆಸರು ಬರದ್ರೇನು?" ಎಂದು ಕೇಳಿದೆ. "ಇಲ್ರೀ, 'ಒಬ್ಬ ಅತ್ತಿ' ಅಂತ ಬರದ್ರು" ಎಂದಳು. ಅಂದು ರಾತ್ರಿ ನಾನು ಒಂದು ರೊಟ್ಟಿ ಹೆಚ್ಚು ಉಂಡೆ.

ಆಮೇಲೆ ತಮ್ಮ ಸುತ್ತೋಲೆ ಬಂತು. ಊಟದ ಬಗ್ಗೆ ಅಲ್ಲ. ಊಟ ಈಗಲೂ ನಡೆದಿದೆ ಎಂದು ಕೇಳುತ್ತೇನೆ. ಸುತ್ತೋಲೆ ಬಂದದ್ದು ಮಾತಿನ ಬಗ್ಗೆ. "ಬಳಗದಲ್ಲಿ ಚರ್ಚಿತವಾದ ಯಾವುದೇ ವಿಷಯವನ್ನು ಕುಟುಂಬದ ಸದಸ್ಯರೂ ಸೇರಿದಂತೆ ಹೊರಗಿನ ವ್ಯಕ್ತಿಗಳೊಂದಿಗೆ ಹಂಚಿಕೊಳ್ಳತಕ್ಕದ್ದಲ್ಲ. ಉಲ್ಲಂಘನೆಯಾದಲ್ಲಿ ಸಂಚಾಲಕರೇ ಹೊಣೆಗಾರರು." ಸೊಸೆ ಅದನ್ನು ನನ್ನ ಮುಂದೆ ಇಟ್ಟಳು. ನಾನು ಎರಡು ಸಲ ಓದಿದೆ. ಗುರುಗಳೊಬ್ಬರು ತಮ್ಮ ಕಚೇರಿಗೆ ಬಂದು, "ವಿಶ್ವವಿದ್ಯಾಲಯದ ವಿಷಯ ಅಡುಗೆಮನೆಗೆ ಹೋಗುತ್ತಿದೆ" ಎಂದು ದೂರಿದರಂತೆ. ಹೋಳಿಗೆ ಮೆಚ್ಚಿದವರೇ ಇರಬೇಕು. ನನಗೆ ಗೊತ್ತಿಲ್ಲ, ಸೊಸೆ ಹೇಳಲಿಲ್ಲ.

ಮಾನ್ಯರೇ, ಒಂದು ಮಾತು ಯೋಚಿಸಿ. ಆ ಗುರುಗಳು ಬಳಗದವರಲ್ಲ. ಹಾಗಿದ್ದರೆ ಬಳಗದಲ್ಲಿ ಒಬ್ಬ ಅತ್ತೆಯ ಮಾತು ಬಂದಿತ್ತೆಂದು ಅವರಿಗೆ ಹೇಳಿದವರು ಯಾರು? ನಾನಂತೂ ಅವರ ಮುಖ ಕಂಡವಳಲ್ಲ. ಸೋರಿದ್ದು ತಮ್ಮ ಮಾಳಿಗೆ, ಮಣ್ಣು ಮೆತ್ತಿದ್ದು ನಮ್ಮ ಮನೆಯ ಬಾಗಿಲಿಗೆ. ಮಕ್ಕಳ ಗುಟ್ಟು ಗುಟ್ಟಾಗಿಯೇ ಇರಬೇಕು, ಅದಕ್ಕೆ ನನ್ನ ತಕರಾರಿಲ್ಲ. ಅಂಥ ಮಾತು ಹೊರಬಿದ್ದರೆ ಹುಡುಗಿಯ ಓದು ಅಲ್ಲಿಗೇ ನಿಲ್ಲುತ್ತದೆ ಎಂಬುದು ಓದು ನಿಂತ ನನಗೆ ತಿಳಿಯದೆ? ಆ ಹುಡುಗಿಗಾಗಿ ನಾನು ಹುಲಿಗೆಮ್ಮನಿಗೆ ಬೇಡಿಕೊಂಡಿದ್ದೇನೆ, ಆದರೆ ಹೆಸರು ಗೊತ್ತಿಲ್ಲದ ಕಾರಣ "ಆ ಹೋಳಿಗಿ ಹುಡುಗಿ" ಎಂದೇ ಬೇಡಿಕೊಂಡೆ. ದೇವರ ಮುಂದೆಯೂ ಹೆಸರು ಬರದಷ್ಟು ಜತನ ಮಾಡಿದ ಸೊಸೆಯನ್ನು ತಾವು ನಂಬಲಿಲ್ಲ.

ಈಗ ನನ್ನ ಹೊಟ್ಟೆಯೊಳಗಿನದನ್ನು ಹೇಳುತ್ತೇನೆ. ನನಗೆ ಹೊಟ್ಟೆಕಿಚ್ಚು. ನ್ಯಾಯ, ನೀತಿ ಎಂದು ದೊಡ್ಡ ಮಾತಿನ ಹಿಂದೆ ಅದನ್ನು ಅಡಗಿಸಲು ನನಗೆ ಬರುವುದಿಲ್ಲ. ಗುರುವಾರ ನನ್ನ ಸೊಸೆಯ ಎದುರು ಕೂರುವ ಆ ಮಕ್ಕಳ ಮೇಲೆ ಹೊಟ್ಟೆಕಿಚ್ಚು. ಅವರು ಎದ್ದು ನಿಂತು "ಮೇಡಂ, ನಾ ಒಪ್ಪಂಗಿಲ್ಲ" ಎಂದರೆ ಆಕೆ ಮುಗುಳ್ನಗುತ್ತಾಳಂತೆ, ಆ ನಗೆಯ ಮೇಲೆ ಹೊಟ್ಟೆಕಿಚ್ಚು. ಅವರ ಬೆಂಚು, ಅವರ ಫ್ಯಾನು, ಅವರ ಕೊರಳಲ್ಲಿ ನೇತಾಡುವ ಗುರುತಿನ ಚೀಟಿ, ಎಲ್ಲದರ ಮೇಲೆಯೂ. ಗಂಡನ ಮೇಲೆ ಸವತಿ ಬಂದರೆ ಹೆಂಗಸರಿಗೆ ಹೇಗಾಗುತ್ತದೋ ನನಗೆ ತಿಳಿಯದು, ಸೊಸೆಯ ಮೇಲೆ ಬಳಗವೊಂದು ಸವತಿಯಾಗಿ ಬಂದರೆ ಹೇಗಾಗುತ್ತದೆಂದು ಮಾತ್ರ ಈಗ ಚೆನ್ನಾಗಿ ತಿಳಿಯಿತು.

ಅದೂ ಸಾಲದೆಂದು ಬಾಷಾಬಿಯ ವಿಷಯ ಬಂತು.

ಬಾಷಾಬಿ ನಮ್ಮ ಓಣಿಯವಳು, ಕೌದಿ ಹೊಲಿಯುತ್ತಾಳೆ. ಒಂದೇ ಶಾಲೆಯಲ್ಲಿ ಒಂದೇ ಸಾಲಿನಲ್ಲಿ ಕೂತವರು ನಾವು. ಅವಳ ಮಗಳು ಖುಷ್ಬು ತಮ್ಮಲ್ಲಿಯೇ ಎಂ.ಎಸ್ಸಿ. ಓದುತ್ತಿದ್ದಾಳೆ. ಮನೆತನದಲ್ಲಿ ಮೊದಲ ಸಲ ಕಾಲೇಜು ಹತ್ತಿದ ಮಕ್ಕಳ ತಾಯಂದಿರು ಬಂದು ಬಳಗದಲ್ಲಿ ಮಾತಾಡಲಿ ಎಂದು ಒಂದು ಗುರುವಾರ ಗೊತ್ತು ಮಾಡಿದರಂತೆ. ಮೊದಲ ಕರೆ ಬಾಷಾಬಿಗೆ. ಅವಳು ಓಡೋಡಿ ನನ್ನ ಹತ್ತಿರ ಬಂದಳು.

"ಕಸ್ತೂರೀ, ನನ್ನ ಕರದಾರವಾ ದೊಡ್ಡ ಸಾಲಿಗೆ! ಏನ್ ಮಾತಾಡ್ಲಿ ಹೇಳು."

"ಕರದಿದ್ದು ನಿನ್ನ. ಮಾತಾಡಾಕಿನೂ ನೀನ."

"ಯಾಕ, ಮುಂಜಾನೆದ್ದು ಮೆಣಸಿನಕಾಯಿ ತಿಂದಿಯೇನು?"

"ತಿಂದಿಲ್ಲ, ಕುಟ್ಟೀನಿ."

"ಅದ ಮತ್ತ, ಘಾಟು ಇಲ್ಲೀತನ ಬರಾಕತ್ತೈತಿ" ಎಂದು ನಕ್ಕಳು. ನಕ್ಕವಳು ಸುಮ್ಮನೆ ಹೋಗಲಿಲ್ಲ. ನನ್ನ ಕನ್ನಡಕವನ್ನೂ ಕೇಳಿ ಇಸಿದುಕೊಂಡು ಹೋದಳು. ಹಾಕಿಕೊಂಡರೆ ಕಲಿತವಳ ಹಾಗೆ ಕಾಣುತ್ತಾಳಂತೆ.

ಆ ಗುರುವಾರ ನನ್ನ ಸೊಸೆಯೂ ನನ್ನ ಗೆಳತಿಯೂ ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ ಕೂತು ಹೋದರು. ಕಿಟಕಿಯಿಂದ ಬಾಷಾಬಿ ನನಗೆ ಕೈ ಬೀಸಿದಳು. ನನ್ನ ಕನ್ನಡಕ ಅವಳ ಮೂಗಿನ ಮೇಲಿತ್ತು. ಅಂದು ನಾನು ಉಪವಾಸವಿರಲಿಲ್ಲ, ಆದರೂ ಅನ್ನ ಇಳಿಯಲಿಲ್ಲ. ಬಾಷಾಬಿಯನ್ನು ಕರೆದದ್ದು ತಪ್ಪೇ? ಅಲ್ಲ. ಗಂಡ ತೀರಿದ ಮೇಲೆ ಸೂಜಿ ದಾರದಲ್ಲಿ ಮಗಳನ್ನು ಓದಿಸಿದವಳು ಅವಳು. ಅವಳನ್ನು ಕರೆಯದೆ ಇನ್ನಾರನ್ನು ಕರೆಯಬೇಕು? ಸರಿಯಾದದ್ದನ್ನು ನೋಡಿಯೂ ಹೊಟ್ಟೆ ಉರಿಯುತ್ತದೆ ಎಂಬುದು ಈ ವಯಸ್ಸಿನಲ್ಲಿ ನನಗೆ ಹೊಸ ಪಾಠ.

ಸಂಜೆ ಅವಳು ಬಳಗದವರು ಹೊದಿಸಿದ ಶಾಲು ಹೊದ್ದುಕೊಂಡೇ ನಮ್ಮ ಮನೆಗೆ ಬಂದಳು. ನಾನು ಬಿಗುಮಾನ ಬಿಟ್ಟು ಕೇಳಿದೆ, "ಏನ್ ಕೇಳಿದ್ರು? ನೀ ಏನಂದಿ? ಹುಡುಗ್ರು ಏನಂದ್ರು?"

"ಮದಲ ಚಾ ಮಾಡು."

ಚಹಾ ಮಾಡಿ ಕೊಟ್ಟೆ. ಆರಾಮಾಗಿ ಕುಡಿದಳು. ಆಮೇಲೆ ಬೆರಳನ್ನು ತುಟಿಯ ಮೇಲೆ ಇಟ್ಟುಕೊಂಡಳು. "ಹೇಳಂಗಿಲ್ಲವಾ. ಸಹಿ ಮಾಡಿಸ್ಕೊಂಡಾರ."

"ನನ್ನ ಮುಂದನೂ?"

"ನಿನ್ನ ಮುಂದಂತೂ ಹೇಳಬಾರದು. ನೀ ಮೇಡಂ ಅತ್ತಿ ಅಲ್ಲೇನು? ನಿನ್ನ ಸಲುವಾಗಿನ ಕಾಯ್ದೆ ಆಗೇತಿ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಕುಲಸಚಿವರೇ, ಎರಡನೆಯ ತರಗತಿಯಿಂದ ನನ್ನ ಪಾಟಿ ನೋಡಿ ಲೆಕ್ಕ ಬರೆದವಳು ಇವಳು. ಇಂದು ನನ್ನಿಂದ ಉತ್ತರ ಮುಚ್ಚಿಡುತ್ತಾಳೆ. ಇದು ತಮ್ಮ ಆಡಳಿತದ ಸಾಧನೆ. ಬಾಷಾಬಿ ಖುಷ್ಬುವಿನ ತಾಯಿ. ತಾಯಿ ಎಂದರೆ ಕುಟುಂಬವೇ ಅಲ್ಲವೇ? ಹಾಗಿದ್ದರೂ ತಮ್ಮ ಕಾಗದದಲ್ಲಿ ಅವಳು "ವಿಶೇಷ ಆಹ್ವಾನಿತರು". ನಾನು "ಹೊರಗಿನ ವ್ಯಕ್ತಿ". ಕಲಿಯುವವಳ ತಾಯಿ ಒಳಗೆ, ಕಲಿಸುವವಳ ಅತ್ತೆ ಹೊರಗೆ. ಈ ಗೆರೆ ಎಳೆದವರು ಯಾವ ಅಳತೆಗೋಲು ಹಿಡಿದಿದ್ದರು? ಸಮಾನತೆಯ ಬಳಗಕ್ಕೆ ಬೇಲಿ ಹಾಕುವಾಗ ಗೂಟ ಎಲ್ಲಿ ನೆಡಬೇಕೆಂದು ಬಳಗದ ಮಕ್ಕಳನ್ನು ಒಂದು ಮಾತು ಕೇಳಿದ್ದೀರಾ?

ಒಳಗಿನವರಷ್ಟೇ ಕೂತು, ಒಳಗೆ ಬರಲಾರದವರು ಯಾಕೆ ಬರಲಿಲ್ಲ ಎಂದು ಚರ್ಚಿಸಿದರೆ ಉತ್ತರ ಎಲ್ಲಿಂದ ಸಿಕ್ಕೀತು? ಗೇಟಿನ ಹೊರಗೆ ನಿಂತವಳನ್ನು ಕೇಳಿದರಲ್ಲವೇ ಗೇಟು ಎಷ್ಟು ಎತ್ತರ ಎಂಬುದು ತಿಳಿಯುವುದು? ಇದನ್ನು ನಾನು ಬುದ್ಧಿವಂತಿಕೆಗೆ ಹೇಳುತ್ತಿಲ್ಲ. ಬಳಗದ ಮಕ್ಕಳು ನನಗಿಂತ ಎಷ್ಟೋ ತಿಳಿದವರು. ಅವರು ಹೇಳಿದ್ದು ಸೊಸೆಯ ಬಾಯಿಂದ ಬಂದು ನನ್ನ ಎಷ್ಟೋ ಗಂಟುಗಳನ್ನು ಬಿಚ್ಚಿದೆ. "ಐತಿ" ಎಂದು ಮಾತಾಡುವ ಹುಡುಗನನ್ನು ನೋಡಿ ತರಗತಿ ನಕ್ಕಿತು ಎಂಬ ಸುದ್ದಿ ಬರುವ ತನಕ, ಮೊಮ್ಮಗಳು ಹಾಗೆ ಮಾತಾಡಿದರೆ ನಾನೇ ಗದರುತ್ತಿದ್ದೆ. ಈಗ ಗದರುವುದಿಲ್ಲ. ಹೀಗೆ ಬದಲಾಗುವುದಕ್ಕೆ ನನಗೆ ಸಿಕ್ಕಿದ್ದ ದಾರಿಯನ್ನು ತಾವು ಮುಚ್ಚಿದ್ದೀರಿ.

ರೇಣುಕಾಳ ಬಗ್ಗೆ ತಮಗೆ ಅನುಮಾನ ಬರಬಾರದು. ಈ ಪತ್ರ ಬರೆದದ್ದು ಅವಳಿಗೆ ಗೊತ್ತಿಲ್ಲ. ತಮ್ಮ ಆಜ್ಞೆಯನ್ನು ಆಕೆ ಅಕ್ಷರ ಅಕ್ಷರ ಪಾಲಿಸಿದ್ದಾಳೆ. ಸುತ್ತೋಲೆ ಬಂದ ಮೇಲಿನ ಯಾವ ಗುರುವಾರದ ಒಂದು ಮಾತನ್ನೂ ನನಗೆ ಹೇಳಿಲ್ಲ. ಸಾಕ್ಷಿ ಬೇಕಾದರೆ ನಾನೇ ಇದ್ದೇನೆ; ನನಗಿಂತ ದೊಡ್ಡ ಸಾಕ್ಷಿ ತಮಗೆ ಸಿಗುವುದಿಲ್ಲ, ಏಕೆಂದರೆ ಆಕೆಯ ಬಾಯಿ ಬಿಡಿಸಲು ನನ್ನಷ್ಟು ಪ್ರಯತ್ನ ಪಟ್ಟವರು ಯಾರೂ ಇಲ್ಲ. ಬೆಣ್ಣೆ ಹಾಕಿ ಕೇಳಿದೆ, ಸಿಟ್ಟು ಮಾಡಿ ಕೇಳಿದೆ, ಸುಮ್ಮನಿದ್ದು ನೋಡಿದೆ. ಆಕೆಯ ನೌಕರಿ ಖಾಯಂ ಮಾಡುವ ಕಾಗದ ತಮ್ಮ ಮುಂದೆ ಬಂದಾಗ ಇದನ್ನು ಆಕೆಯ ಪರವಾಗಿ ಬರೆದುಕೊಳ್ಳಿ.

ಕಳೆದ ಗುರುವಾರ ಆಕೆ ಫೋನಿನಲ್ಲಿ ಯಾರೊಂದಿಗೋ ಜೋರಾಗಿ ನಗುತ್ತಾ ಮನೆಗೆ ಬಂದಳು. ಬಳಗದವರೇ ಇರಬೇಕು. ಅಡುಗೆಮನೆಯ ಹೊಸ್ತಿಲು ದಾಟಿದವಳು ಫೋನು ಇಟ್ಟು ನಗೆಯನ್ನೂ ಇಟ್ಟಳು. ಹಿಟ್ಟಿಗೆ ಕೈ ಹಾಕಿದಳು.

"ಏನಾತವಾ? ಇಷ್ಟ್ಯಾಕ ನಗತಿದ್ದಿ?" ಎಂದೆ.

"ಏನಿಲ್ರೀ ಅತ್ತಿ."

ಈ ಮಾತನ್ನು ನಾನು ಹುಟ್ಟಿದಾಗಿನಿಂದ ಬಲ್ಲೆ. ಅಪ್ಪ ಕಟ್ಟೆಯ ಮೇಲೆ ನಾಲ್ಕು ಮಂದಿಯ ಜೊತೆ ಮಾತಾಡಿ ಬಂದಾಗ, ಏನಪ್ಪಾ ಎಂದು ಕೇಳಿದರೆ "ಏನಿಲ್ಲ" ಎನ್ನುತ್ತಿದ್ದ. ನನ್ನನ್ನು ಶಾಲೆ ಬಿಡಿಸುವ ಮಾತು ಮುಗಿಸಿ ಎದ್ದಾಗಲೂ "ಏನಿಲ್ಲ" ಎಂದೇ ಅಂದ. ಅಣ್ಣಂದಿರು ಅಂದರು. ನಮ್ಮ ಮನೆಯವರೂ ಬಹಳ ವರ್ಷ ಅಂದರು. ಗಂಡಸರು ಆಡಿದ್ದು ಹೆಂಗಸರಿಗೆ "ಏನಿಲ್ಲ"ವೇ. ಆ ಮಾತನ್ನು ನಮ್ಮ ಮನೆಯಿಂದ ಓಡಿಸಿದವಳು ಈ ಸೊಸೆ. ಹೊರಗಿನದನ್ನು ತಂದು ನನ್ನ ಮುಂದೆ ಸುರಿದವಳು, "ನೀವೇನಂತೀರಿ ಅತ್ತಿ?" ಎಂದು ನನ್ನನ್ನು ಕೇಳಿದ ಮೊದಲ ವ್ಯಕ್ತಿ. ಈಗ ಅದೇ "ಏನಿಲ್ಲ" ಅವಳ ಬಾಯಿಂದ ಬಂತು. ಹಾಗೆ ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ, ಹಿಟ್ಟನ್ನು ನೋಡಿದಳು. ಸಮಾನತೆಯ ಹೆಸರಿನ ಒಂದು ಕಾಗದ ಅವಳಿಗೆ ನನ್ನ ಅಪ್ಪನ ಮಾತನ್ನು ಕಲಿಸಿತು. ಇದಕ್ಕಿಂತ ಹೆಚ್ಚು ನಾನು ಏನು ಬರೆಯಲಿ?

ನನ್ನ ಬೇಡಿಕೆ ಇಷ್ಟು. ಸುತ್ತೋಲೆಯಿಂದ "ಕುಟುಂಬದ ಸದಸ್ಯರೂ ಸೇರಿದಂತೆ" ಎಂಬ ಮಾತನ್ನು ಹೊಡೆದುಹಾಕಿ. ಮಕ್ಕಳ ಹೆಸರು, ಊರು, ಗುಟ್ಟು ಹೊರಗೆ ಬರಬಾರದು ಎಂದು ಅದರ ಜಾಗದಲ್ಲಿ ಬರೆಯಿರಿ. ನಾನೂ ಸಹಿ ಮಾಡುತ್ತೇನೆ, ಹುಲಿಗೆಮ್ಮನ ಮೇಲೆ ಆಣೆಯನ್ನೂ ಇಡುತ್ತೇನೆ. ಉಳಿದ ವಾದ, ವಿಚಾರ, ಜಗಳ ಸೊಸೆಯ ಜೊತೆ ಬಸ್ಸು ಹತ್ತಿ ಮನೆಗೆ ಬರಲಿ. ನನಗೆ ಕುರ್ಚಿ ಬೇಡ ಎಂದು ಬರೆಯಲು ಹೊರಟಿದ್ದೆ, ಆದರೆ ದೇವರ ಹೆಸರು ಹೇಳಿದ ಮೇಲೆ ಸುಳ್ಳು ಬರೆಯಬಾರದು. ಕುರ್ಚಿಯೂ ಬೇಕು. ಯಾವತ್ತಾದರೂ ಒಂದು ಗುರುವಾರ, ಬಾಷಾಬಿ ಕೂತದ್ದಕ್ಕಿಂತ ಒಂದು ಸಾಲು ಮುಂದೆ. ಆದರೆ ಅದಕ್ಕೆ ಅವಸರವಿಲ್ಲ. ಅವಸರವಿರುವುದು ಮಾತಿಗೆ.

ಪತ್ರಿಕೆ ನಮ್ಮೂರಿಗೂ ಬರುತ್ತದೆ. ಇದು ಅಚ್ಚಾದ ದಿನ ರೇಣುಕಾ ಓದುತ್ತಾಳೆ. ತನ್ನನ್ನು ಕೇಳದೆ ಯಾಕೆ ಬರೆದಿರಿ ಎಂದು ಬೈಯುತ್ತಾಳೆ. ಬೈಯಲಿ. ಬೈಯುವುದಕ್ಕಾದರೂ ಅವಳು ಬಾಯಿ ಬಿಡಬೇಕಲ್ಲ.

ಇಂತಿ,
ತಮ್ಮ ಕಾಗದದ ಪ್ರಕಾರ ತನ್ನ ಮನೆಯಲ್ಲೇ ಹೊರಗಿನವಳಾದ
ಕಸ್ತೂರೆಮ್ಮ
ಇರಕಲ್ಲಗಡ